ತಿರುಗಾಡುವ ಯಂತ್ರದ ಕೇಬಲು: ಅದನ್ನು ಸವೆಯದಂತೆ ಕಾಪಾಡುವ ಬಗೆ



ನೇಗಿಲಿನ ಕುಳ ಸವೆದರೆ ಕಣ್ಣಿಗೆ ಕಾಣುತ್ತದೆ. ಬಾವಿಯ ಹಗ್ಗ ಸವೆದರೆ ಕೈಗೆ ತಿಳಿಯುತ್ತದೆ. ವಿದ್ಯುತ್ ಯಂತ್ರದ ಕೇಬಲು ಹಾಗಲ್ಲ. ಅದು ಒಳಗೊಳಗೇ ಸವೆಯುತ್ತದೆ. ಸವೆದ ಸಂಗತಿ ಎಷ್ಟೋ ಸಲ ನಮಗೆ ತಿಳಿಯುವುದು ಮೋಟಾರು ಸುಟ್ಟ ಮೇಲೆ, ಇಲ್ಲವೆ ದನಕ್ಕೋ ಮನುಷ್ಯನಿಗೋ ಶಾಕ್ ಹೊಡೆದ ಮೇಲೆ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಂದು ಗಣಿಗೆ ಹೋದ ವಿದ್ಯುತ್ತು ಇಂದು ನಮ್ಮ ಕೊಟ್ಟಿಗೆಗೂ ಬಂದಿದೆ. ಗೋಡೆಗೆ ಬಿಗಿದ ತಂತಿ ನೆಟ್ಟಗೆ ಹಾಕಿದ್ದರೆ ಬಹುಕಾಲ ಬಾಳುತ್ತದೆ. ಎಳೆದಾಡುವ, ಅಲುಗಾಡುವ ಯಂತ್ರದ ಕೇಬಲಿಗೆ ಆ ಭಾಗ್ಯವಿಲ್ಲ. ಆದುದರಿಂದ ಅದರ ಆರೈಕೆಯೂ ಬೇರೆಯಾಗಿರಬೇಕು.

ಎಲ್ಲಿ ಸವೆಯುತ್ತದೆ?

ಹಾಲು ಮಾರಿ ಬದುಕುವ ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಗಾಲಿಯಿರುವ ಮೇವು ಕತ್ತರಿಸುವ ಯಂತ್ರ, ಅದಕ್ಕೆ 2 ಅಶ್ವಶಕ್ತಿಯ ಸಿಂಗಲ್ ಫೇಸ್ ಮೋಟಾರು. ಬೆಳಿಗ್ಗೆ ಅದನ್ನು ಅಂಗಳಕ್ಕೆ ಎಳೆಯುತ್ತಾರೆ, ಕೆಲಸ ಮುಗಿದ ಮೇಲೆ ಒಳಗೆ ತಳ್ಳುತ್ತಾರೆ. ಸಂಜೆಯೂ ಹಾಗೆಯೇ. ದಿನಕ್ಕೆ 4 ಸಲ ಕೇಬಲು ಒಂದೇ ಜಾಗದಲ್ಲಿ ಮಡಿಚಿಕೊಂಡರೆ ವರ್ಷಕ್ಕೆ 1460 ಸಲವಾಯಿತು. ತಗಡಿನ ಬಾಗಿಲು ಅದರ ಮೇಲೆಯೇ ಮುಚ್ಚುತ್ತದೆ. ಎಮ್ಮೆಯ ಗೊರಸು ತುಳಿಯುತ್ತದೆ. ಬಿಸಿಲು ಹೊದಿಕೆಯನ್ನು ಬಿರುಸು ಮಾಡುತ್ತದೆ. ಮೇವಿನ ರಾಶಿಯಲ್ಲಿರುವ ಇಲಿ ಕಡಿಯುತ್ತದೆ. ಇಷ್ಟು ಸಾಲದೆಂಬಂತೆ ಯಂತ್ರದ ನಡುಕಕ್ಕೆ ಕೇಬಲು ಮೋಟಾರಿನ ಪೆಟ್ಟಿಗೆಯ ತೂತಿನ ಅಂಚಿಗೆ ಉಜ್ಜುತ್ತಲೇ ಇರುತ್ತದೆ.

ಆದ್ದರಿಂದ ಮುಖ್ಯವಾಗಿ ನೋಡಬೇಕಾದ ಜಾಗಗಳು ನಾಲ್ಕು: ಮೋಟಾರಿನ ಪೆಟ್ಟಿಗೆಗೆ ಸೇರುವ ಕಡೆ, ಪ್ಲಗ್ಗಿನಿಂದ ಹೊರಡುವ ಕಡೆ, ಹೊಸಿಲು ದಾಟುವ ಕಡೆ, ಹಿಂದೆ ಟೇಪು ಸುತ್ತಿದ ಕಡೆ.

ಸದ್ದಿಲ್ಲದೆ ಕಡಿಯುವ ತಂತಿ

ಸಿಂಗಲ್ ಫೇಸ್ ಯಂತ್ರದ ಕೇಬಲಿನಲ್ಲಿ ಮೂರು ತಂತಿಗಳಿರಬೇಕು. ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಯಂತ್ರವನ್ನು ನಡೆಸುತ್ತವೆ. ಮೂರನೆಯದು ಅರ್ಥ್ ತಂತಿ. ಹಸಿರು ಅಥವಾ ಹಸಿರು-ಹಳದಿ ಬಣ್ಣದ್ದು. ಒಳಗೆ ಎಲ್ಲಿಯಾದರೂ ಸವೆದು ಯಂತ್ರದ ಕಬ್ಬಿಣಕ್ಕೆ ವಿದ್ಯುತ್ತು ತಗುಲಿದರೆ ಅದನ್ನು ನೆಲಕ್ಕೆ ಸಾಗಿಸುವುದು ಇದರ ಕೆಲಸ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನನ ಮಾಡಿಕೊಳ್ಳಬೇಕು. ಫೇಸ್ ತಂತಿ ಕಡಿದರೆ ಯಂತ್ರ ನಿಲ್ಲುತ್ತದೆ. ನಾವು ರಿಪೇರಿಗೆ ಓಡುತ್ತೇವೆ. ಅರ್ಥ್ ತಂತಿ ಕಡಿದರೆ ಯಂತ್ರ ಎಂದಿನಂತೆಯೇ ತಿರುಗುತ್ತದೆ. ಯಾವ ಸೂಚನೆಯೂ ಸಿಗುವುದಿಲ್ಲ. ಮುಂದೊಂದು ದಿನ ಫೇಸ್ ತಂತಿ ಯಂತ್ರದ ಮೈಗೆ ತಗುಲಿದಾಗ, ಒದ್ದೆ ಕೈಯಲ್ಲಿ ಮೇವು ಕೊಡುತ್ತಿರುವ ಹೆಣ್ಣುಮಗಳೇ ಅರ್ಥ್ ತಂತಿಯಾಗುತ್ತಾಳೆ. ಗಂಜಲದಿಂದ ಒದ್ದೆಯಾದ ಕೊಟ್ಟಿಗೆಯ ನೆಲದಲ್ಲಿ ದನಗಳಿಗೆ ಅಪಾಯ ಇನ್ನೂ ಹೆಚ್ಚು. ಮುಂಗಾಲಿನಿಂದ ಹಿಂಗಾಲಿಗೆ ಹರಿಯುವ ವಿದ್ಯುತ್ತು ಅವುಗಳ ಎದೆಯನ್ನು ಹಾಯ್ದೇ ಹೋಗುತ್ತದೆ.

ಫ್ಯೂಸು ಇದೆಯಲ್ಲ ಎನ್ನಬೇಡಿ

ಈ ಮೋಟಾರು ಕೆಲಸ ಮಾಡುವಾಗ ಸುಮಾರು 10 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ಫ್ಯೂಸು ಅಥವಾ ಎಂಸಿಬಿಯನ್ನು ಅದಕ್ಕಿಂತ ಹೆಚ್ಚಿನ ಪ್ರಮಾಣಕ್ಕೆ ಹಾಕಿರುತ್ತಾರೆ. ಮನುಷ್ಯನ ಮೈಯಲ್ಲಿ ಅದರ ಮುನ್ನೂರನೆಯ ಒಂದು ಪಾಲು ಹರಿಯುತ್ತ ನಿಂತರೂ ಪ್ರಾಣಕ್ಕೆ ಅಪಾಯ. ಅಷ್ಟು ಅಲ್ಪ ವಿದ್ಯುತ್ತು ಫ್ಯೂಸಿಗೆ ಲೆಕ್ಕಕ್ಕೇ ಬಾರದು. ಫ್ಯೂಸು ತಂತಿಯನ್ನು ಕಾಯುತ್ತದೆ, ಪ್ರಾಣವನ್ನು ಕಾಯುವುದಿಲ್ಲ.

ಪ್ರಾಣವನ್ನು ಕಾಯಲು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸಾಧನವಿದೆ. ಹೋದ ವಿದ್ಯುತ್ತೂ ಮರಳಿ ಬಂದ ವಿದ್ಯುತ್ತೂ ಸಮವಾಗಿವೆಯೇ ಎಂದು ಅದು ತೂಗಿ ನೋಡುತ್ತದೆ. ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿಯುತ್ತದೆ. ಇದನ್ನು ಎಂಸಿಬಿಯ ಜೊತೆಗೆ ಹಾಕಿಸಬೇಕೇ ಹೊರತು ಅದರ ಬದಲಿಗೆ ಅಲ್ಲ. ಇದರ ಮೇಲಿರುವ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿರಿ. ಒತ್ತಿದಾಗ ಸ್ವಿಚ್ಚು ಬೀಳದಿದ್ದರೆ ಬದಲಾಯಿಸಿರಿ.

ಕೇಬಲನ್ನು ಆರಿಸುವ ಬಗೆ

1. ಒಳಗೆ ಒಂದೇ ದಪ್ಪ ತಂತಿಯಿರುವ ಕೇಬಲು ಬೇಡ. ಅದು ಗೋಡೆಗೆ ಸರಿ. ಮಡಿಚಿ ಬಿಚ್ಚಿದರೆ ಕಬ್ಬಿಣದ ಸರಿಗೆಯಂತೆ ಮುರಿಯುತ್ತದೆ. ಕೂದಲಿನಂತಹ ಅನೇಕ ತಾಮ್ರದ ಎಳೆಗಳಿರುವ ಬಳುಕುವ ಕೇಬಲನ್ನೇ ಕೊಳ್ಳಿರಿ.

2. ಪ್ರತಿ ತಂತಿಗೆ ಅದರದೇ ಹೊದಿಕೆ, ಎಲ್ಲಕ್ಕೂ ಸೇರಿ ಮೇಲೊಂದು ದಪ್ಪ ಹೊದಿಕೆ ಇರಬೇಕು. ನೆಲದ ಮೇಲೆ ಎಳೆದಾಡುವ ಕೆಲಸಕ್ಕೆ ಗಟ್ಟಿ ರಬ್ಬರಿನ ಹೊದಿಕೆ ಒಳ್ಳೆಯದು. ಪಿವಿಸಿ ಕೇಬಲಾದರೆ ಐಎಸ್ 694 ಎಂಬ ಗುರುತನ್ನೂ ಐಎಸ್‌ಐ ಮುದ್ರೆಯನ್ನೂ ನೋಡಿ ಕೊಳ್ಳಿರಿ.

3. ಸಣ್ಣ ಕೇಬಲಿನಿಂದ ಉಳಿತಾಯವಾಗದು. 10 ಆಂಪಿಯರಿಗೆ 30 ಮೀಟರ್ ಉದ್ದದ 1 ಚದರ ಮಿಲಿಮೀಟರ್ ತಾಮ್ರದ ಕೇಬಲು ಹಾಕಿದರೆ ದಾರಿಯಲ್ಲಿಯೇ ಸುಮಾರು 12 ವೋಲ್ಟು ಕಳೆದುಹೋಗುತ್ತದೆ. 2.5 ಚದರ ಮಿಲಿಮೀಟರಿನದಾದರೆ ಕಳೆಯುವುದು ಸುಮಾರು 5 ವೋಲ್ಟು ಮಾತ್ರ. ಕಳೆದುಹೋದದ್ದು ಕೇಬಲಿನಲ್ಲಿ ಬಿಸಿಯಾಗಿ ಹೊದಿಕೆಯನ್ನು ಬೇಯಿಸುತ್ತದೆ.

4. ಮೂರು ಫೇಸಿನ ಯಂತ್ರವಾದರೆ ನಾಲ್ಕು ತಂತಿಯ ಕೇಬಲು ಬೇಕು, ನಾಲ್ಕನೆಯದು ಅರ್ಥ್.

ಕಟ್ಟುವ ಕ್ರಮ

ಕೇಬಲಿನ ಎಳೆತವನ್ನು ತಂತಿಯ ತಿರುಪು ಹೊರಬಾರದು. ಮೋಟಾರಿನ ಪೆಟ್ಟಿಗೆಯ ಬಳಿ ಹೊರಹೊದಿಕೆಯನ್ನೇ ಕ್ಲಾಂಪಿನಿಂದ ಹಿಡಿಸಬೇಕು. ತೂತಿನ ಅಂಚಿಗೆ ಕೇಬಲು ಹಿಡಿಯುವ ಗ್ಲ್ಯಾಂಡನ್ನಾಗಲಿ ರಬ್ಬರ್ ಬುಷ್ಷನ್ನಾಗಲಿ ಹಾಕಬೇಕು. ಪೆಟ್ಟಿಗೆಯೊಳಗೆ ಅರ್ಥ್ ತಂತಿಯನ್ನು ಉಳಿದವುಗಳಿಗಿಂತ ಒಂದೆರಡು ಅಂಗುಲ ಉದ್ದ ಬಿಡಿಸಿರಿ. ಯಾರಾದರೂ ಕೇಬಲನ್ನು ಜಗ್ಗಿ ಕಿತ್ತರೂ ಫೇಸ್ ಮೊದಲು ಕೀಳುತ್ತದೆ, ಅರ್ಥ್ ಕೊನೆಗೆ ಉಳಿಯುತ್ತದೆ.

ಮಡಿಕೆ ಬಿಗಿಯಾಗಿರಬಾರದು. ಬಾಗುವ ಸುತ್ತಿನ ಅರ್ಧವ್ಯಾಸ ಕೇಬಲಿನ ದಪ್ಪಕ್ಕಿಂತ ಹತ್ತರಷ್ಟಾದರೂ ಇರಲಿ. ಬೆರಳು ದಪ್ಪದ ಕೇಬಲನ್ನು ಒಂದು ಗೇಣಿಗಿಂತ ಚಿಕ್ಕ ಸುರುಳಿ ಸುತ್ತಬಾರದು. ಮೊಳೆಗೆ ನೇತುಹಾಕಬೇಡಿ, ಮರದ ಗಾಲಿಗೋ ಹಳೆಯ ಟೈರಿಗೋ ಸುತ್ತಿಡಿ. ಯಂತ್ರ ಓಡಿಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿರಿ. ಸುತ್ತಿದಂತೆಯೇ ಬಿಟ್ಟರೆ ಒಳಗಿನ ಸುತ್ತುಗಳ ಬಿಸಿ ಹೊರಗೆ ಹೋಗದೆ ಹೊದಿಕೆ ಕರಗೀತು.

ಯಂತ್ರ ದಿನವೂ ಒಂದೇ ದಾರಿಯಲ್ಲಿ ಹೋಗಿ ಬರುವುದಾದರೆ ಕೇಬಲನ್ನು ನೆಲದಿಂದ ಎತ್ತುವುದೇ ಮೇಲು. ತಲೆಗೆ ತಾಗದಷ್ಟು ಎತ್ತರದಲ್ಲಿ ಜಿಐ ಸರಿಗೆಯೊಂದನ್ನು ಬಿಗಿದು, ಅದಕ್ಕೆ ಬಳೆಗಳನ್ನು ಪೋಣಿಸಿ, ಆ ಬಳೆಗಳಿಗೆ ಕೇಬಲನ್ನು ಸಡಿಲವಾದ ತೋರಣದಂತೆ ಕಟ್ಟಿರಿ. ಬಳೆಗೆ ರಬ್ಬರ್ ತುಂಡು ಸುತ್ತಿದರೆ ಕೇಬಲು ಉಜ್ಜುವುದಿಲ್ಲ. ಯಂತ್ರ ಸರಿದಂತೆ ತೋರಣವೂ ಸರಿಯುತ್ತದೆ. ಕಾರ್ಖಾನೆಗಳಲ್ಲಿ ಭಾರ ಎತ್ತುವ ಕ್ರೇನುಗಳಿಗೂ ಇದೇ ಉಪಾಯವುಂಟು. ಗಾಡಿ, ಟ್ರಾಕ್ಟರು ಹಾಯುವ ಕಡೆ ಕೇಬಲು ನೆಲದ ಮೇಲೆಯೇ ಇರಬೇಕಾದರೆ ಎರಡು ಹಲಗೆಗಳ ನಡುವಿನ ಸಂದಿನಲ್ಲಿ ಇರಿಸಿ, ಚಕ್ರ ಹಲಗೆಯ ಮೇಲೆ ಹೋಗುವಂತೆ ಮಾಡಿರಿ.

ಕಡಿದ ಕೇಬಲಿಗೆ ಟೇಪು ಸುತ್ತಿ ಮತ್ತೆ ಎಳೆದಾಡುವುದು ಬೇಡ. ಕೆಟ್ಟ ಭಾಗವನ್ನು ಕತ್ತರಿಸಿ ಉಳಿದುದನ್ನು ಗಿಡ್ಡವಾಗಿಯೇ ಬಳಸಿರಿ, ಇಲ್ಲವೆ ಹೊಸದನ್ನು ಹಾಕಿಸಿರಿ.

ಕೊಳವೆ ಬಾವಿಯ ಪಂಪೂ ಅಲುಗಾಡುತ್ತದೆ

ಕೊಳವೆ ಬಾವಿಯೊಳಗಿನ ಪಂಪು ಕದಲದೆ ನಿಂತಿದೆ ಎಂದು ನಾವು ತಿಳಿದಿರುತ್ತೇವೆ. ಆದರೆ ಮೋಟಾರು ಹೊರಟ ಕ್ಷಣದಲ್ಲಿ ಪಂಪು ಎದುರು ದಿಕ್ಕಿಗೆ ಒಮ್ಮೆ ತಿರುಚಿಕೊಳ್ಳುತ್ತದೆ. ಆಗ ಸಡಿಲವಾಗಿ ಬಿಟ್ಟ ಕೇಬಲು ಕೇಸಿಂಗ್ ಪೈಪಿಗೂ ಕಲ್ಲಿಗೂ ಉಜ್ಜುತ್ತದೆ. ಆದುದರಿಂದ ಇಳಿಸುವಾಗಲೇ ಸುಮಾರು 3 ಮೀಟರಿಗೆ ಒಂದರಂತೆ ಕೇಬಲನ್ನು ನೀರೆತ್ತುವ ಪೈಪಿಗೆ ಕಟ್ಟಿಸಿರಿ. ಬಾವಿಯ ಬಾಯಲ್ಲಿ ಕಬ್ಬಿಣದ ಅಂಚು ಕೇಬಲಿಗೆ ತಾಗದಂತೆ ರಬ್ಬರ್ ಇಡಿಸಿರಿ. ಪಂಪನ್ನು ಎತ್ತುವಾಗ, ಇಳಿಸುವಾಗ ಕೇಬಲನ್ನು ಹಗ್ಗದಂತೆ ಹಿಡಿದು ಎಳೆಯಲೇಬಾರದು. ಮೂರು ಫೇಸುಗಳಲ್ಲಿ ಒಂದು ಕಡಿದರೂ ಮೋಟಾರು ಗುಂಯ್‌ಗುಡುತ್ತ ಬಿಸಿಯೇರಿ ಸುಟ್ಟುಹೋಗುತ್ತದೆ.

ವಾರಕ್ಕೊಮ್ಮೆ ಹತ್ತು ನಿಮಿಷ

ಪ್ಲಗ್ಗನ್ನು ಕಿತ್ತು ಕೈಯಲ್ಲಿಟ್ಟುಕೊಂಡು, ಆಮೇಲೆ ಕೇಬಲನ್ನು ಒಣ ಬಟ್ಟೆಯಿಂದ ಉದ್ದಕ್ಕೂ ಒರೆಸಿರಿ. ಬಿರುಕು, ಹಲ್ಲಿನ ಗುರುತು, ಚಪ್ಪಟೆಯಾದ ಜಾಗ, ಒಳಗೆ ಮೆತ್ತಗೆ ಸಿಕ್ಕುವ ಜಾಗ ಬೆರಳಿಗೆ ತಿಳಿಯುತ್ತವೆ. ಯಂತ್ರ ನಿಲ್ಲಿಸಿದ ಕೂಡಲೇ ಪ್ಲಗ್ಗು ಬಿಸಿಯಾಗಿದ್ದರೆ ಒಳಗೆ ಎಳೆಗಳು ಕಡಿದಿರಬಹುದು, ತಿರುಪು ಸಡಿಲವಾಗಿರಬಹುದು. ಮಳೆಗಾಲಕ್ಕೆ ಮೊದಲೊಮ್ಮೆ ಬಲ್ಲ ವೈರ್‌ಮನ್ನನನ್ನು ಕರೆಸಿ, ಅರ್ಥ್ ತಂತಿ ತುದಿಯಿಂದ ತುದಿಗೆ ಕೂಡಿದೆಯೇ ಎಂದೂ, ಮೆಗ್ಗರ್ ಹಿಡಿದು ಹೊದಿಕೆ ಗಟ್ಟಿಯಿದೆಯೇ ಎಂದೂ ನೋಡಿಸಿರಿ.

ಯಾರಿಗಾದರೂ ಶಾಕ್ ಹೊಡೆದು ಹಿಡಿದುಕೊಂಡರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಸ್ವಿಚ್ಚು ಆರಿಸಿರಿ. ಅದು ದೂರವಿದ್ದರೆ ಒಣ ಮರದ ಕೋಲಿನಿಂದ ಕೇಬಲನ್ನು ತಳ್ಳಿರಿ. ಉಸಿರು ನಿಂತಿದ್ದರೆ ತಿಳಿದವರು ಕೂಡಲೇ ಎದೆಯೊತ್ತಿ ಕೃತಕ ಉಸಿರಾಟ ಕೊಡಬೇಕು. ಜೊತೆಗೇ 108ಕ್ಕೆ ಫೋನು ಮಾಡಿರಿ. ಕಂಬದ ತಂತಿಯ ದೂರಿಗೆ 1912.

ಮನೆಯವರೊಡನೆ ಕುಳಿತು ಉತ್ತರ ಹುಡುಕಿರಿ

1. ನಮ್ಮ ಮನೆಯ ಯಂತ್ರದ ಕೇಬಲಿನಲ್ಲಿ ಅರ್ಥ್ ತಂತಿ ಇದೆಯೇ? ಇದ್ದರೆ ಅದು ಕೂಡಿರುವುದನ್ನು ಯಾವಾಗ ನೋಡಿಸಿದೆವು?
2. ಕೇಬಲಿನಲ್ಲಿ ಟೇಪು ಸುತ್ತಿದ ಜಾಗಗಳು ಎಷ್ಟು?
3. ಮೇನ್ ಸ್ವಿಚ್ಚು ಎಲ್ಲಿದೆಯೆಂದು ಮನೆಯ ಮಕ್ಕಳಿಗೆ ಗೊತ್ತೇ?

ಹಗ್ಗ ಹಳೆಯದಾದರೆ ಕೊಡವೊಂದು ಹೋದೀತು. ಕೇಬಲು ಹಳೆಯದಾದರೆ ಹೋಗುವುದು ಕೊಡವಲ್ಲ. ಈ ವಾರವೇ ಒಮ್ಮೆ ಒರೆಸಿ ನೋಡಿರಿ.