ಬಟವಾಡೆಗೊಂದು ಕೀ, ಬ್ಲಾಕಿಗೊಂದು ಕೀ

ಗೆಂಡೆಹಳ್ಳಿಯ ಚಿಕ್ಕಪ್ಪನ ಕಾಫಿ ತೋಟದಲ್ಲಿ ಹಣ್ಣು ಕುಯ್ಲಿನ ತೂಕವನ್ನು ರೈಟರು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಅದನ್ನು ಫೋನಿಗೆ ತರುವ ಕೆಲಸ ನನ್ನ ಪಾಲಿಗೆ ಬಂತು. ತೋಟದೊಳಗೆ ನೆಟ್‌ವರ್ಕ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಫೋನಿನೊಳಗೇ ಕೂರುವ ಲೆವೆಲ್‌ಡಿಬಿಯನ್ನು ಆರಿಸಿಕೊಂಡೆ. ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ ಬರೆದ, 2011ರಲ್ಲಿ ಎಲ್ಲರಿಗೂ ಸಿಕ್ಕ ಡೇಟಾಬೇಸ್ ಅದು. ಕೀ ಕೊಟ್ಟರೆ ಅದರೆದುರು ಇಟ್ಟದ್ದನ್ನು ತೆಗೆದುಕೊಡುತ್ತದೆ. ಇಟ್ಟದ್ದರೊಳಗೆ ಏನಿದೆ ಎಂಬ ಗೋಜಿಗೇ ಹೋಗುವುದಿಲ್ಲ.

ಆದರೆ ಕೀಗಳನ್ನು ಸಾಲಾಗಿ ಜೋಡಿಸಿಡುತ್ತದೆ. ನನಗೆ ಬೇಕಾಗಿದ್ದು ಅದೇ ಗುಣ. ‘ಆಳು:014:20231218’ ಎಂಬುದು ಕೀ. ಅದರೆದುರು ತೋಟದ ಯಾವ ಬ್ಲಾಕು, ಎಷ್ಟು ಕೆಜಿ. ವಾರದ ಬಟವಾಡೆಗೆ ಆ ಆಳಿನ ಮೊದಲ ದಿನದ ಕೀಗೆ ಹೋಗಿ, ಅಲ್ಲಿಂದ ಓದುತ್ತಾ ಹೋದರೆ ಮುಗಿಯಿತು. 14 ಅಂತಲ್ಲ, 014 ಅಂತಲೇ ಬರೆಯಬೇಕು. ಜೋಡಣೆ ಅಕ್ಷರಕ್ರಮದ್ದು, ಬರಿ ಅಂಕಿ ಕೊಟ್ಟರೆ 10 ಮೊದಲು, 9 ಆಮೇಲೆ. ದಿನಾಂಕವನ್ನು ವರ್ಷದಿಂದ ಶುರುಮಾಡುವುದೂ ಇದಕ್ಕೇ.

“ನಿನ್ನೆ ಕೆರೆ ಬ್ಲಾಕಲ್ಲಿ ಎಷ್ಟ್ ಕೆಜಿ ಆಯ್ತೋ?” ಎಂದರು ಚಿಕ್ಕಪ್ಪ. ಈ ಪ್ರಶ್ನೆಗೆ ಆ ಕೀಯಿಂದ ಉಪಯೋಗವಿಲ್ಲ, ಎಲ್ಲ ಆಳುಗಳ ಲೆಕ್ಕವನ್ನೂ ತೆಗೆದು ನೋಡಬೇಕು. ಅದಕ್ಕೆ ‘ಬ್ಲಾಕು:ಕೆರೆ:20231218:014’ ಎಂಬ ಇನ್ನೊಂದು ಕೀ ಸೇರಿಸಿದೆ. ಇಂತಹ ಡೇಟಾಬೇಸಿನಲ್ಲಿ ಇಂಡೆಕ್ಸ್ ಎಂದರೆ ಇಷ್ಟೇ: ನಾವೇ ಬರೆದಿಡುವ ಮತ್ತೊಂದು ಕೀ. ಆಸ್ತಿ ಖರೀದಿಗೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಅಲೆದವರಿಗೆ ಇದು ಹೊಸದಲ್ಲ. 1908ರ ನೋಂದಣಿ ಕಾಯ್ದೆಯ 55ನೇ ಕಲಮಿನ ಪ್ರಕಾರ ಒಂದನೇ ಇಂಡೆಕ್ಸಿನಲ್ಲಿ ಬರೆದುಕೊಟ್ಟವರ, ಬರೆಸಿಕೊಂಡವರ ಹೆಸರು, ಎರಡನೆಯದರಲ್ಲಿ ಆಸ್ತಿಯ ವಿವರ. ಪತ್ರ ಒಂದೇ, ಹುಡುಕುವ ದಾರಿ ಎರಡು.

ಖರ್ಚಿರುವುದು ಬರೆಯುವಾಗ. ಈಗ ಪ್ರತಿ ತೂಕಕ್ಕೂ ಎರಡು ಬರಹ. ರೈಟರು ಸಂಜೆ ಬ್ಲಾಕು ತಿದ್ದಿದರೆ ಹಳೆಯ ಇಂಡೆಕ್ಸ್ ಕೀ ಅಳಿಸಬೇಕು, ಹೊಸದು ಹಾಕಬೇಕು, ಮೂಲ ಲೆಕ್ಕವನ್ನೂ ಬದಲಿಸಬೇಕು. ನಡುವೆ ಬ್ಯಾಟರಿ ಹೋದರೆ ಒಂದೇ ಹಣ್ಣು ಎರಡು ಬ್ಲಾಕಿನಲ್ಲಿ ತೂಗುತ್ತದೆ. ಲೆವೆಲ್‌ಡಿಬಿಯಲ್ಲಿ ಮೂರನ್ನೂ ಒಂದೇ ಬ್ಯಾಚಿಗೆ ಹಾಕಬಹುದು. ಆಗ ಎಲ್ಲವೂ ಆಗುತ್ತದೆ, ಇಲ್ಲವೆಂದರೆ ಯಾವುದೂ ಇಲ್ಲ. ಅಮೆಜಾನಿನ ಡೈನಮೋಡಿಬಿ ಎಂಬ ಡೇಟಾಬೇಸು ಇಂಡೆಕ್ಸ್ ತಿದ್ದುವ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ, ಆದರೆ ಅದರ ಗ್ಲೋಬಲ್ ಇಂಡೆಕ್ಸ್ ಮೂಲಕ್ಕಿಂತ ಒಂದು ಗಳಿಗೆ ಹಿಂದೆ ಬೀಳಬಹುದು.

ಸೀಸನ್ನಿನಲ್ಲಿ ಒಂದೇ ದಿನ ಅತಿ ಹೆಚ್ಚು ಕುಯ್ದವರು ಯಾರು ಅಂತಲೂ ಚಿಕ್ಕಪ್ಪನಿಗೆ ಬೇಕು, ಇನಾಮು ಕೊಡಲಿಕ್ಕೆ. ಅದಕ್ಕೆ ಇಂಡೆಕ್ಸ್ ಮಾಡಲಿಲ್ಲ. ವರ್ಷಕ್ಕೊಮ್ಮೆ ಕೇಳುವುದು ತಾನೆ, ಫೋನು ಮೊದಲಿಂದ ಕೊನೆಯವರೆಗೆ ಓದಿಕೊಳ್ಳಲಿ.