ಮಳೆಯ ದಿನ ಮುಗಿಯುವ ಮೊದಲೇ ಯಂತ್ರ ಕೆಟ್ಟರೆ?

ಪ್ರಶ್ನೆ: ಮಳೆ ಮಾಪಕಗಳ ಮಾಹಿತಿ ಬಿಡದೆ ಹರಿದು ಬರುವಾಗ ಲೆಕ್ಕದ ಕಂಪ್ಯೂಟರ್ ಕೆಟ್ಟರೆ ದಿನದ ಮೊತ್ತ ತಪ್ಪುವುದಿಲ್ಲವೇ? ಚೆಕ್‌ಪಾಯಿಂಟ್ ತೆಗೆಯಲು ವಿಂಡೋ ಮುಗಿಯುವವರೆಗೆ ಕಾಯಬೇಕೇ?
– ಓದುಗರೊಬ್ಬರು, ಗುಂಡ್ಲುಪೇಟೆ

ಉತ್ತರ: ಕಾಯಬೇಕಿಲ್ಲ, ಕಾಯಲೂಬಾರದು. ಲೆಕ್ಕದ ಆ ಕ್ಷಣದ ಸ್ಥಿತಿಯನ್ನು ಉಳಿಸಿಟ್ಟ ಪ್ರತಿಯೇ ಚೆಕ್‌ಪಾಯಿಂಟ್; ಅರ್ಧ ತುಂಬಿದ ವಿಂಡೋವನ್ನು ಕಾಪಾಡುವುದೇ ಅದರ ಕೆಲಸ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆ ಮಾಪಕಗಳು 15 ನಿಮಿಷಕ್ಕೊಮ್ಮೆ ಮಾಹಿತಿ ಕಳಿಸುತ್ತವೆ. ಮಳೆ ಲೆಕ್ಕದ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಹೀಗೆ ಗಡಿ ಹಾಕಿದ ಅವಧಿಯೇ ವಿಂಡೋ. ಒಂದು ಮಾಪಕಕ್ಕೆ 96 ದಾಖಲೆಗಳು.

ಈ ಲೆಕ್ಕವನ್ನು ಅಪಾಚೆ ಫ್ಲಿಂಕ್‌ನಂಥ ತಂತ್ರಾಂಶಕ್ಕೆ ಒಪ್ಪಿಸಿದ್ದೇವೆ ಎಂದುಕೊಳ್ಳಿ. ಸಂಜೆ 5ಕ್ಕೆ ತೆರಕಣಾಂಬಿಯ ಮಾಪಕದ ಮೊತ್ತ 12.5 ಮಿ.ಮೀ. ಆಗ ತೆಗೆದ ಚೆಕ್‌ಪಾಯಿಂಟ್‌ನಲ್ಲಿ ಆ 12.5 ಜೊತೆಗೆ, ಎಲ್ಲಿಯವರೆಗೆ ಓದಿ ಆಗಿದೆ ಎಂಬ ಗುರುತೂ ಉಳಿಯುತ್ತದೆ. 5.15ಕ್ಕೆ 3 ಮಿ.ಮೀ. ಸೇರಿತು, 5.20ಕ್ಕೆ ಯಂತ್ರ ಕೆಟ್ಟಿತು. ಬದಲಿ ಯಂತ್ರ 12.5ರಿಂದಲೇ ಶುರುಮಾಡಿ, ಗುರುತಿನಿಂದಾಚೆಯ ದಾಖಲೆಗಳನ್ನು ಮತ್ತೆ ಓದುತ್ತದೆ, ಮೊತ್ತ 15.5 ಆಗುತ್ತದೆ. ಗುರುತು 5 ಗಂಟೆಯದು, ಮೊತ್ತ 5.20ರದು ಆಗಿದ್ದರೆ ಅದೇ 3 ಮಿ.ಮೀ. ಎರಡು ಸಲ ಸೇರುತ್ತಿತ್ತು.

ಹಲವು ಯಂತ್ರಗಳಿಗೆ ಹಂಚಿದ ಲೆಕ್ಕದಲ್ಲಿ ಇವೆರಡನ್ನೂ ಒಂದೇ ಗೆರೆಗೆ ತರುವುದು ಕಷ್ಟ. ಕಂಪ್ಯೂಟರ್ ವಿಜ್ಞಾನಿಗಳಾದ ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್ 1985ರಲ್ಲಿ ಇದಕ್ಕೆ ದಾರಿ ತೋರಿಸಿದರು. ಅದನ್ನೇ ಮಾರ್ಪಡಿಸಿಕೊಂಡ ಫ್ಲಿಂಕ್, ದಾಖಲೆಗಳ ನಡುವೆ ಒಂದು ತಡೆಗುರುತನ್ನು ಹರಿಯಬಿಡುತ್ತದೆ. ಅದು ತಲುಪಿದಾಗ ಪ್ರತಿ ಯಂತ್ರವೂ ತನ್ನ ಸ್ಥಿತಿಯನ್ನು ಉಳಿಸುತ್ತದೆ.

ಆದರೆ ದಾಖಲೆ ಯಾವ ವಿಂಡೋಗೆ ಸೇರಬೇಕೆಂಬುದನ್ನು ಮಾಪಕ ನಮೂದಿಸಿದ ಸಮಯದಿಂದಲೇ ನಿರ್ಧರಿಸಬೇಕು. ಕಂಪ್ಯೂಟರಿನ ಗಡಿಯಾರ ನಂಬಿದರೆ, 8.15ರ ಮಳೆಯನ್ನು ಚೇತರಿಕೆಯ ನಂತರ 8.40ಕ್ಕೆ ಓದಿದಾಗ ಅದು ಮುಂದಿನ ದಿನದ ಖಾತೆಗೆ ಬೀಳುತ್ತದೆ. ಬಂಡೀಪುರದ ಕಾಡಂಚಿನಲ್ಲಿ ಸಿಗ್ನಲ್ ಕೈಕೊಟ್ಟು ತಡವಾದ ದಾಖಲೆಗೂ ಇದೇ ಗತಿ. ಇಷ್ಟು ಹೊತ್ತಿನವರೆಗಿನದೆಲ್ಲ ಬಂದಿದೆ ಎಂದು ಅಂದಾಜಿಸುವ ವಾಟರ್‌ಮಾರ್ಕ್ 8.30 ದಾಟಿದ ಮೇಲಷ್ಟೇ ವಿಂಡೋ ಮುಚ್ಚಬೇಕು.

ಮೊತ್ತವಷ್ಟೇ ಸಾಕಾದರೆ ಮಾಪಕಕ್ಕೊಂದು ಸಂಖ್ಯೆ ಉಳಿಸಿದರಾಯಿತು. 96 ದಾಖಲೆಗಳನ್ನೂ ಹಿಡಿದಿಟ್ಟುಕೊಂಡರೆ ಚೆಕ್‌ಪಾಯಿಂಟ್ ಭಾರವಾಗುತ್ತದೆ.

ಇನ್ನೊಂದು ಅಪಾಯ ಕೊನೆಯಲ್ಲಿದೆ. ದಿನದ ಮೊತ್ತ ಹೊರಬಿದ್ದು, ಮುಂದಿನ ಚೆಕ್‌ಪಾಯಿಂಟ್‌ಗೆ ಮೊದಲೇ ಯಂತ್ರ ಕೆಟ್ಟರೆ ಅದೇ ಮೊತ್ತ ಮತ್ತೆ ಹೊರಬೀಳುತ್ತದೆ. ಮಾಪಕ ಮತ್ತು ದಿನಾಂಕಕ್ಕೆ ಒಂದೇ ಸಾಲು ಇಟ್ಟರೆ ಎರಡನೆಯ ಬರಹ ಮೊದಲನೆಯದರ ಜಾಗದಲ್ಲೇ ಕೂರುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ರೈತರ ಪರಿಹಾರ ಇಂಥ ಅಂಕಿಗಳನ್ನೇ ನೆಚ್ಚಿರುವುದರಿಂದ, ಈ ಕೊನೆಯ ಹೆಜ್ಜೆಯಲ್ಲೂ ಅಷ್ಟೇ ಎಚ್ಚರ ಬೇಕು.