ನಡಕ್ಕೆ ತೂತು ಹಾಕುವ ಮುಂಚೆ

ಊರ ಕಡೆ ಹೋದರೆ ಶಹಾಪುರವಾಗಲಿ ಸುರಪುರವಾಗಲಿ, ಯಾರಾದರೊಬ್ಬರು ಎಂಆರ್‌ಐ ಫಿಲ್ಮ್ ಹಿಡಿದು ಬರುತ್ತಾರೆ. “ಮಣ್ಯಾಗ ಗ್ಯಾಪ್ ಬಂದದಂತ್ರೀ ಸರ್. ಈಗ ತೂತಿನ ಆಪರೇಷನ್ ಬಂದದಲ್ರೀ, ಕೊಯ್ಯೂದ ಬ್ಯಾಡಂತ?” ಭತ್ತದ ನಾಟಿ, ಹತ್ತಿ ಬಿಡಿಸುವುದು, ಬೆಂಗಳೂರಿಗೆ ಗುಳೆ ಹೋಗಿ ಸಿಮೆಂಟ್ ಹೊರುವುದು, ಯಾದಗಿರಿ ಸೀಮೆಯ ದುಡಿಮೆಯ ಭಾರವೆಲ್ಲ ನಡದ ಮೇಲೆ. ನಾನು ಅಂಗರಚನಾಶಾಸ್ತ್ರದ ಮೇಷ್ಟ್ರು, ಸರ್ಜನ್ ಅಲ್ಲ. ಸರ್ಜನ್‌ಗಳು ಇಂಥ ಆಪರೇಷನ್‌ಗಳ ದಾರಿಗಳನ್ನು ಮೃತದೇಹದ ಮೇಲೆ ಪರೀಕ್ಷಿಸುವಾಗ ಪಕ್ಕದಲ್ಲಿ ನಿಂತು ಕಲಿತದ್ದನ್ನು ಬರೆದಿದ್ದೇನೆ.

1. ತೂತಿನ ಅಳತೆಗಿಂತ ಅದು ಯಾವುದರ ಮೂಲಕ ಹಾಯುತ್ತದೆ ಎಂಬುದು ದೊಡ್ಡದು. ಹಳೆಯ ಪದ್ಧತಿಯಲ್ಲಿ ಬೆನ್ನಿನ ನಟ್ಟನಡುವೆ ಕೊಯ್ದು ಸ್ನಾಯುವನ್ನು ಮೂಳೆಯಿಂದ ಕಿತ್ತು ಸರಿಸಬೇಕು. 1968ರಲ್ಲಿ ಅಮೆರಿಕದ ವಿಲ್ಟ್ಸೆ ಪಕ್ಕದಿಂದ, ಸ್ನಾಯುಗಳನ್ನು ಸೀಳಿಕೊಂಡು ಹೋಗುವ ದಾರಿ ತೋರಿಸಿದರು. ಮಲ್ಟಿಫಿಡಸ್ ಮತ್ತು ಲಾಂಜಿಸಿಮಸ್ ಸ್ನಾಯುಗಳ ನಡುವಿನ ಆ ಸಂದು ದೇಹ ಬಿಡಿಸುವಾಗ ಬೆರಳಿಗೇ ಸಿಗುತ್ತದೆ.

2. ಪಕ್ಕದಿಂದ ಹೋಗುವ ಎಂಡೋಸ್ಕೋಪಿಗೆ ಕ್ಯಾಂಬಿನ್ ತ್ರಿಕೋನವೇ ಬಾಗಿಲು. ಒಂದು ಬದಿಗೆ ಹೊರಬರುವ ನರ, ತಳಕ್ಕೆ ಕೆಳಗಿನ ಮಣಿಯ ಮೇಲಂಚು, ಒಳಬದಿಗೆ ಕೆಳಗಿಳಿಯುವ ನರ. ಪುಸ್ತಕದಲ್ಲಿ ಮೂರೇ ಗೆರೆ. ದೇಹದಲ್ಲಾದರೆ ಅದೇ ಜಾಗದಲ್ಲಿ ಕೊಬ್ಬು, ರಕ್ತನಾಳ, ಸವೆದ ಕೀಲಿನಿಂದ ಚಾಚಿದ ಮೂಳೆಯ ಮುಳ್ಳು. ಮಣಿಗಳ ನಡುವಿನ ಡಿಸ್ಕ್ ಕುಸಿದಿದ್ದರೆ ಜಾಗ ಇನ್ನೂ ಇಕ್ಕಟ್ಟು. ಅದರೊಳಗೆ ಏಳೆಂಟು ಮಿಲಿಮೀಟರ್ ದಪ್ಪದ ನಳಿಗೆ ತೂರಬೇಕು. ಸಿ-ಆರ್ಮ್ ಎಕ್ಸ್‌ರೇ ಮೂಳೆ ತೋರಿಸುತ್ತದೆ, ನರವನ್ನಲ್ಲ. ಆದ್ದರಿಂದ ಮೃತದೇಹದಲ್ಲಿ ನಳಿಗೆಯನ್ನು ಇಳಿಸಿ ಹಾಗೇ ಬಿಟ್ಟು, ಆಮೇಲೆ ದೇಹವನ್ನು ಪದರ ಪದರವಾಗಿ ಬಿಡಿಸಿ, ನಳಿಗೆಗೂ ನರಕ್ಕೂ ನಡುವೆ ಉಳಿದದ್ದೆಷ್ಟು ಎಂದು ಅಳೆಯಬೇಕು. ಇಡೀ ಪರೀಕ್ಷೆಯ ಜೀವ ಈ ಅಳತೆಯಲ್ಲಿದೆ.

3. ಒಂದು ಮಣಿಗೆ ಒಗ್ಗಿದ ದಾರಿ ಕೆಳಗಿನ ಮಣಿಗೆ ಒಗ್ಗದು. ಎಲ್4–ಎಲ್5ಗೆ, ಅಂದರೆ ನಡದ ನಾಲ್ಕು-ಐದನೇ ಮಣಿಗಳ ನಡುವೆ, ಸಲೀಸಾಗಿ ಹೋದ ಸೂಜಿಗೆ ಅದರ ಕೆಳಗಿನ ಎಲ್5–ಎಸ್1ನಲ್ಲಿ ಟೊಂಕದ ಮೂಳೆ ಅಡ್ಡ ಬರುತ್ತದೆ. ಅಲ್ಲಿ ಹಿಂದಿನಿಂದ, ಎರಡು ಮೂಳೆಪಟ್ಟಿಗಳ ನಡುವೆ ಹೋಗುವುದೇ ಎಷ್ಟೋ ಸಲ ಮೇಲು. ಆ ಕಿಂಡಿ ಅಲ್ಲಿ ಎಲ್ಲಕ್ಕಿಂತ ಅಗಲ.

4. ಫಾರ್ಮಲಿನ್‌ನಲ್ಲಿ ಗಟ್ಟಿಯಾದ ದೇಹ ರಚನೆ ಕಲಿಯಲು ಸಾಕು, ಆಪರೇಷನ್ ಪರೀಕ್ಷೆಗೆ ಸಾಲದು. ಸ್ನಾಯು ಸರಿಯುವುದೇ ಇಲ್ಲ. ಆಸ್ಟ್ರಿಯಾದ ಥೀಲ್ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ದೇಹ ಮೆತ್ತಗೆ ಉಳಿಯುತ್ತದೆ. ಹಾಗಿದ್ದರೂ ಮೃತದೇಹದಲ್ಲಿ ರಕ್ತ ಒಸರದು, ನರ ತಾಕಿದರೆ “ಕಾಲು ಝುಂ ಅಂತದ್ರೀ” ಎನ್ನುವವರಿಲ್ಲ. ದಾರಿ ಸುರಕ್ಷಿತವೋ ಅಲ್ಲವೋ ಎಂಬುದರ ಬಗ್ಗೆ ಮಾತ್ರ ಅದು ಸಾಕ್ಷಿ ಹೇಳುತ್ತದೆ. ನೋವು ಹೋಗುತ್ತದೆ ಎಂದು ಇದೊಂದನ್ನೇ ತೋರಿಸಿ ಯಾರಾದರೂ ಹೇಳಿದರೆ ನಂಬಬೇಡಿ.

5. ಫಿಲ್ಮ್ ತಂದವರಿಗೆ ನಾನು ಹೇಳುವುದು: ಡಿಸ್ಕ್‌ನಿಂದ ಕಾಲಿಗಿಳಿದ ನೋವು ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ ಮಾತ್ರ ಮರುದಿನಕ್ಕೆ ಮುಂದೂಡದೆ ಕಲಬುರಗಿಯದೋ ರಾಯಚೂರಿನದೋ ದೊಡ್ಡಾಸ್ಪತ್ರೆ ಸೇರಿ.

6. ಮೃತದೇಹದ ಮೇಲಿನ ಈ ಪರೀಕ್ಷೆಗಳೆಲ್ಲ ನಡೆಯಲು ಯಾರದೋ ದೇಹ ಬೇಕು. 2010ರಲ್ಲಿ ಬೆಳಗಾವಿಯಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು, ತಂದೆ ಬಯಸಿದ್ದಂತೆ, ಅವರ ದೇಹವನ್ನು ವಿದ್ಯಾರ್ಥಿಗಳೆದುರು ತಾವೇ ಬಿಡಿಸಿ ಪಾಠ ಮಾಡಿದರು. ಈಗ ಯಾದಗಿರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ದೇಹದಾನದ ಮನಸ್ಸಿದ್ದರೆ ಹತ್ತಿರದ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ ಅರ್ಜಿ ತುಂಬಿ, ಮಕ್ಕಳಿಗೂ ಹೇಳಿಡಿ. ಆ ಹೊತ್ತಿಗೆ ಕಾಲೇಜಿಗೆ ಫೋನ್ ಮಾಡಬೇಕಾದವರು ಅವರೇ.